ಮಂಡಿಂಗ್ ತಾಳಕ್ಕೆ ಎದ್ದವಳು

ವರ್ಲಿನ್ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಿಂದ ತಾಯಿ ಹುಟ್ಟಿದ ಕ್ಯಾರಿಯಾಕು ದ್ವೀಪಕ್ಕೆ ಬಂದದ್ದು ಅದು ಐದನೇ ಸಲ. ಸೋದರಮಾವ ಕಾಸ್ಮಸ್ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಸಮಾಧಿಗೆ ಕಲ್ಲು ನಿಲ್ಲಿಸಿ ಊರಿಗೆಲ್ಲ ಊಟ ಹಾಕುವ ದಿನ ಕೊನೆಗೂ ನಿಗದಿಯಾಗಿತ್ತು.

ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತಳಾದ ಮೇಲೆ ಅವಳಿಗೆ ಹಿಡಿದ ಹುಚ್ಚು ಒಂದೇ. ತಾಯಿಯ ತವರಿನವರ ಕಥೆಯನ್ನು ಬಲ್ಲವರ ಬಾಯಿಂದ ಕೇಳಿ ಕೂಡಿಡಬೇಕು. ಹಿಂದಿನ ನಾಲ್ಕು ಸಲವೂ ದ್ವೀಪದ ಬೋಗಲ್ಸ್ ಹಳ್ಳಿಯಲ್ಲಿ ತಾಯಿಯ ಅಕ್ಕ ಯೂಲೀನಾಳ ಜಗಲಿಯ ಮೇಲೆ ಕೂತು, ಮುದುಕಿ ತೊಗರಿಕಾಯಿ ಸುಲಿಯುತ್ತ ಹೇಳಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ತಮ್ಮದು ಮಂಡಿಂಗ್ ಕುಲ. ಆಫ್ರಿಕದ ಗುಲಾಮರ ಹಡಗಿನಿಂದ ಇಲ್ಲಿ ಇಳಿದ ಮೊದಲ ಹೆಂಗಸು ಸಿರಾ. ಎಡಗೈಯಲ್ಲೇ ಹತ್ತಿ ಬಿಡಿಸುತ್ತಿದ್ದಳು, ಒಡೆಯನ ಎದುರು ಒಮ್ಮೆಯೂ ಹಾಡಿದವಳಲ್ಲ. ವರ್ಲಿನ್ ಅದನ್ನೆಲ್ಲ ಪುಸ್ತಕ ಮಾಡಿಸಿ ಹಡರ್ಸ್‌ಫೀಲ್ಡಿನ ಚರ್ಚಿನಲ್ಲಿ ಎಪ್ಪತ್ತು ಮನೆಗಳಿಗೆ ಹಂಚಿದಳು. ಮೊಮ್ಮಗಳಿಗೆ ಸಿರಾ ಎಂದೇ ಹೆಸರಿಟ್ಟರು.

ಕಲ್ಲು ನಿಂತಿತು. ಹೋತದ ಮಾಂಸ, ಜೋಳದ ಮುದ್ದೆಗಳ ಊಟ ಮುಗಿಯಿತು. ಹಿರಿಯರಿಗೆಂದು ಒಳಗೆ ಬಡಿಸಿಟ್ಟ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅಂಗಳದಲ್ಲಿ ರಮ್ಮು, ನೀರು ಚೆಲ್ಲಿ ಮೂರು ಡೋಲುಗಳನ್ನು ಇಟ್ಟರು. ಮೊದಲು ಎಲ್ಲರಿಗೂ ಸೇರಿದ, ಹಿರಿಯರ ಕ್ಷಮೆ ಬೇಡುವ ಹಾಡು. ಆಮೇಲೆ ಒಂದೊಂದು ಕುಲಕ್ಕೆ ಅದರದೇ ತಾಳ. ತಾಳ ಯಾರದೋ ಅವರೇ ಮೊದಲು ಕುಣಿಯಬೇಕು.

ಹಾಡುಗಾರ್ತಿ ಮಂಡಿಂಗ್ ಎಂದು ಕೂಗಿದ್ದೇ ತಡ, ವರ್ಲಿನ್ ಲಂಗದ ಅಂಚು ಹಿಡಿದು ನಡುವೆ ಬಂದಳು. ನಾಲ್ಕು ಹೆಜ್ಜೆ ಹಾಕಿ ತಿರುಗಿ ನೋಡಿದರೆ ತನ್ನವರು ಒಬ್ಬರೂ ಎದ್ದಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಪಕ್ಕದ ಮನೆಯ ಹೆಂಗಸು ಮೆಲ್ಲಗೆ ಅವಳ ತೋಳು ಹಿಡಿದು, "ಇದು ನಮ್ಮದು ಅಕ್ಕಾ. ನಿಮ್ಮದು ಇನ್ನೂ ಬರ್ಬೇಕು" ಎಂದಳು.

ಮುಂದಿನದು ತೆಮ್ನೆ ಕುಲದ್ದು. ಆ ತಾಳಕ್ಕೆ ಕಾಸ್ಮಸನ ಮಕ್ಕಳು, ಮೊಮ್ಮಕ್ಕಳು, ಕೋಲೂರಿಕೊಂಡು ಯೂಲೀನಾ, ಎಲ್ಲರೂ ಎದ್ದರು. ವರ್ಲಿನ್ ಬೇಲಿಗೆ ಒರಗಿ ನಿಂತಳು. ಅವಳನ್ನು ಯಾರೂ ಕರೆಯಲಿಲ್ಲ.

ಬೆಳಿಗ್ಗೆ ಜಗಲಿಗೆ ಬಂದವಳು ಕೂರಲಿಲ್ಲ.

"ದೊಡ್ಡಮ್ಮಾ, ನಾವು ತೆಮ್ನೆನಾ?"

"ಹೂಂ."

"ಮತ್ತೆ ಸಿರಾ?"

"ಸಿರಾ ಅಂತ ಯಾರೂ ಇರ್ಲಿಲ್ಲ ಕಣೆ. ಅಷ್ಟು ದೂರದಿಂದ ಬಂದು ಬಾಯಿ ಬಿಟ್ಕೊಂಡು ಕೂತಿರ್ತಿದ್ದೆ. ಬರಿಗೈಲಿ ಕಳಿಸೋಕೆ ಮನಸ್ಸು ಬರ್ಲಿಲ್ಲ."

ಆಮೇಲೆ ಯೂಲೀನಾ ತಡೆಯದೆ ಎಲ್ಲವನ್ನೂ ಹೇಳಿದಳು. ವರ್ಲಿನಳ ಅಜ್ಜ ಎಂಟು ತಿಂಗಳು ಹಾಸಿಗೆ ಹಿಡಿದಿದ್ದ. ಇಂಗ್ಲೆಂಡಿಗೆ ಹೋದ ಕಿರಿಮಗಳು, ಅಂದರೆ ವರ್ಲಿನಳ ತಾಯಿ ಕಾರ್ನೀಲಿಯಾಳನ್ನು ಒಮ್ಮೆ ನೋಡಬೇಕೆಂದು ಮೂರು ಕಾಗದ ಬರೆಸಿದ. ಅವಳು ಬರಲಿಲ್ಲ, ಒಂದು ಸಾಲೂ ಬರೆಯಲಿಲ್ಲ. ಸಾಯುವ ವಾರ ಅಜ್ಜ ಯೂಲೀನಾಳ ಕೈಯನ್ನು ಎದೆಯ ಮೇಲಿಟ್ಟುಕೊಂಡು, ತನ್ನ ಹಿರಿಯರ ಹೆಸರನ್ನು ಕಾರ್ನೀಲಿಯಾಳಿಗಾಗಲಿ ಅವಳ ಮಕ್ಕಳಿಗಾಗಲಿ ಬಾಯಿಬಿಡಬೇಡ ಎಂದು ಮಾತು ತೆಗೆದುಕೊಂಡ.

"ಹೇಳಲ್ಲ ಹೋಗು ಅಂದಿದ್ರೆ ಸಾಕಿತ್ತು," ಎಂದಳು ವರ್ಲಿನ್. "ಎದ್ದು ಹೋಗ್ತಿದ್ದೆ."

"ಹೋಗೋ ಪೈಕಿನಾ ನೀನು? ನಿಮ್ಮಮ್ಮನ ಹಟವೇ ನಿಂದೂ. ಅಷ್ಟಕ್ಕೂ ಅವಳಿಗೆ ಗೊತ್ತಿತ್ತಲ್ಲ, ಅವಳನ್ನೇ ಕೇಳ್ಬೋದಿತ್ತು. ಇದೇ ಅಂಗಳದಲ್ಲಿ ತೆಮ್ನೆ ಕುಣಿದೋಳು."

ವರ್ಲಿನಳಿಗೆ ಆಗ ನೆನಪಾಯಿತು. ಮೊದಲ ರೆಕಾರ್ಡಿಂಗನ್ನು ಅವಳು ಕೇಳಿಸಿದ್ದೇ ತಾಯಿಗೆ. ಕಾರ್ನೀಲಿಯಾ ಕೊನೆಯವರೆಗೂ ಕೇಳಿ, ಸಿರಾಳ ಭಾಗವನ್ನು ಇನ್ನೊಮ್ಮೆ ಹಾಕಿಸಿಕೊಂಡಿದ್ದಳು. ಚೆನ್ನಾಗಿದೆ ಎಂದಿದ್ದಳು. ಆಮೇಲೆ ಮೂರು ವರ್ಷ ಬದುಕಿದ್ದವಳು ಮಗಳು ಪುಸ್ತಕ ಮಾಡಿಸುವುದನ್ನು ನೋಡಿದಳು, ಮರಿಮಗುವನ್ನು ಸಿರಾ ಎಂದು ಕರೆದು ಮುದ್ದಾಡಿದಳು. ನಿಜ ಹೇಳಿದ್ದರೆ ತಾನು ಉತ್ತರಿಸದ ಅಪ್ಪನ ಮೂರು ಕಾಗದಗಳ ಮಾತು ಬರುತ್ತಿತ್ತು. ಹೇಳದೆಯೇ ಸತ್ತಳು.

"ಕೂತ್ಕೋ. ಡೋಲೇ ಹೇಳಿಬಿಡ್ತು, ಇನ್ನು ನಾನು ಮುಚ್ಚಿಟ್ಟು ಏನಾಗ್ಬೇಕು?" ಎಂದು ಯೂಲೀನಾ ಪಕ್ಕದ ಕುರ್ಚಿ ಎಳೆದಳು. ಗಂಟಲು ಸರಿಮಾಡಿಕೊಂಡು ಒಂದು ಗಂಡಸಿನ ಹೆಸರು ಹೇಳಿದಳು, ಅವನ ಮಗಳ ಹೆಸರು ಹೇಳಿದಳು.

ವರ್ಲಿನ್ ಚೀಲದಿಂದ ಫೋನು ತೆಗೆದಳು. ರೆಕಾರ್ಡ್ ಒತ್ತದೆ ಮತ್ತೆ ಒಳಗಿಟ್ಟಳು.

"ಇದಾದ್ರೂ ನಿಜ ಅಂತ ನಾನು ಹೇಗೆ ನಂಬ್ಲಿ ದೊಡ್ಡಮ್ಮಾ?"

ಮುದುಕಿ ರಸ್ತೆಯ ಕಡೆ ಮುಖ ತಿರುಗಿಸಿದಳು. ಮೂರನೇ ಹೆಸರು ಬರಲಿಲ್ಲ.

ಹಡರ್ಸ್‌ಫೀಲ್ಡಿಗೆ ಮರಳಿದ ವರ್ಲಿನ್ ಮನೆಮನೆಗೆ ಹೋಗಿ ಪುಸ್ತಕ ವಾಪಸು ಕೇಳಿದಳು. ಬರೆದದ್ದು ತಪ್ಪು ಎಂದಷ್ಟೇ ಹೇಳಿದಳು. ಕೆಲವರು ಕೊಟ್ಟರು, ಐವೊರೀನ್ ಎಂಬ ಮುದುಕಿ ಮಾತ್ರ, ಕಥೆ ಓದಿ ತನ್ನ ಮೊಮ್ಮಕ್ಕಳು ಅತ್ತಿದ್ದಾರೆ, ತಪ್ಪೋ ಒಪ್ಪೋ ಇಲ್ಲೇ ಇರಲಿ ಎಂದು ಬಾಗಿಲು ಹಾಕಿಕೊಂಡಳು. ಮೊಮ್ಮಗಳ ಹೆಸರು ಬದಲಿಸುವ ಮಾತೆತ್ತಿದಾಗ ಮಗಳು ಒಪ್ಪಲಿಲ್ಲ. ಮಗು ಆ ಹೆಸರಿಗೇ ತಿರುಗಿ ನೋಡುತ್ತದೆ ಎಂದಳು.

ಯೂಲೀನಾ ಎರಡು ಸಲ ಫೋನು ಮಾಡಿದಳು. ವರ್ಲಿನ್ ಎತ್ತಲಿಲ್ಲ. ಮೂರನೆಯ ಸಲ ಎತ್ತಿ ದೊಡ್ಡಮ್ಮನ ಮಂಡಿನೋವಿನ ಬಗ್ಗೆ ವಿಚಾರಿಸಿದಳು. ಮಳೆ ಬಂದಿಲ್ಲ, ತೊಟ್ಟಿ ಖಾಲಿಯಾಗಿದೆ ಎಂದಳು ಯೂಲೀನಾ. ಹಿರಿಯರ ಹೆಸರುಗಳನ್ನು ಇವಳು ಕೇಳಲಿಲ್ಲ, ಅವಳು ಹೇಳಲಿಲ್ಲ.