ಹಗ್ಗ ಹಿಡಿದವನ ಪಾಲು

ಓರಿನ್ ಜೆನ್ಸನ್‌ಗೆ ಹತ್ತೊಂಬತ್ತು ವರ್ಷ. ಅವನ ಮಾರ್ಮನ್ ಮತದಲ್ಲಿ ಪ್ರಚಾರಕ್ಕೆ ಹೊರಟ ಹುಡುಗರನ್ನು ‘ಹಿರಿಯ’ ಎಂದು ಕರೆಯುತ್ತಾರೆ. ಇದು ಗೊತ್ತಾದ ದಿನ ಹೊನ್ನಾವರದ ಆಚೆ ದಡದ ಕಾಸರಕೋಡಿನ ಹೆಂಗಸರು ಮೀನು ಒಣಗಿಸುವುದನ್ನೂ ಬಿಟ್ಟು ನಕ್ಕರು. ನಗದೆ ಏನು ಮಾಡುತ್ತಾರೆ? ಹೆಸರಿಗೆ ಹಿರಿಯ, ಮೀಸೆ ಇನ್ನೂ ಚಿಗುರಿಲ್ಲ.

ಅಮೆರಿಕದಲ್ಲಿ ಅಪ್ಪನ ಹಸುಗಳ ಹಾಲು ಕರೆಯುತ್ತಿದ್ದವನು 1964ರಲ್ಲಿ ಈ ಕಡಲ ದಂಡೆಗೆ ಬಂದಿದ್ದ. ಪ್ರಚಾರದ ಎರಡು ವರ್ಷ ಮುಗಿಸಿ ಹೋದರೆ ಊರಿಗೆ ಊರೇ ಎದುರುಗೊಳ್ಳುತ್ತದೆ. ಅರ್ಧಕ್ಕೆ ಹೋದರೆ ಅಪ್ಪ ತಲೆ ತಗ್ಗಿಸಿ ನಡೆಯಬೇಕು. ಅದೊಂದೇ ಅವನ ಹೆದರಿಕೆ. ಜೊತೆಗಾರ ಹ್ಯಾಚ್ ಅವನಿಗಿಂತ ಎರಡು ವರ್ಷ ದೊಡ್ಡವ. ಇಬ್ಬರಿಗೂ ಒಂದೇ ಕೋಣೆ. ಜೊತೆಗಾರನ ಕಣ್ಣಳತೆ ಬಿಡಬಾರದು, ನೀರಿಗೆ ಇಳಿಯಬಾರದು, ಭಾನುವಾರ ದುಡಿಯಬಾರದು, ಚಹಾ ಮುಟ್ಟಬಾರದು. ನೇಮಗಳೆಂದರೆ ಹನುಮಂತನ ಬಾಲ. ಬೆಳಗಾದರೆ ಸೈಕಲ್ ಹತ್ತಿ ಮನೆ ಮನೆ ತಿರುಗುವುದು. ಮನೆಯವರು ಚಹಾ ತಂದಿಟ್ಟರೆ ಇವರು ಬೇಡ ಅನ್ನುವುದು. ಚಹಾ ಬೇಡ ಅಂದವನ ಮಾತು ಯಾರಿಗೆ ಬೇಕು? ಎಂಟು ತಿಂಗಳಲ್ಲಿ ಒಬ್ಬರೂ ಇವರ ದೇವರ ಸುದ್ದಿಯನ್ನು ಪೂರ್ತಿ ಕೇಳಿರಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಹ್ಯಾಚ್ ಜ್ವರದಿಂದ ಮುಸುಕೆಳೆದು ಮಲಗಿದ್ದ. ದಂಡೆಯಲ್ಲಿ ಕೂಗೆದ್ದಿತು. ಬಂಗಡೆ ಮೀನಿನ ಹಿಂಡು ರಂಪಣಿಗೆ ಸಿಕ್ಕಿತ್ತು. ರಂಪಣಿ ಎಂದರೆ ಒಬ್ಬಿಬ್ಬರ ಬಲೆಯಲ್ಲ. ಕಡಲಲ್ಲಿ ಸುತ್ತು ಹಾಕಿ, ಎರಡು ತುದಿಯ ಹಗ್ಗಗಳನ್ನು ಊರೆಲ್ಲ ಸೇರಿ ದಂಡೆಗೆ ಎಳೆಯಬೇಕು. ಆ ದಿನ ಆಳು ಸಾಲದೆ ಹಗ್ಗ ಹಿಂದಕ್ಕೆ ಜಾರುತ್ತಿತ್ತು. ನೋಡಲು ಬಂದ ಓರಿನ್ ಬೂಟು ಹಾಕಿಕೊಂಡು ಮರಳಲ್ಲಿ ನಿಂತಿದ್ದ.

“ಎಂತ ನೋಡ್ತಾ ನಿಂತಿದ್ರಿ ದೊರೆ? ಕೈ ಇಲ್ವ ನಿಮ್ಗೆ? ಹಿಡೀರಿ,” ಎಂದಳು ಪಕ್ಕದ ಮನೆಯ ಮೀನು ಮಾರುವ ಮಾಸ್ತಮ್ಮ.

ಎಂಟು ತಿಂಗಳಲ್ಲಿ ಅವನು ಯಾರಿಗಾದರೂ ಬೇಕಾದದ್ದು ಅದೇ ಮೊದಲು. ಬೂಟು ಕಿತ್ತೆಸೆದು, ಸೊಂಟಮಟ್ಟದ ನೀರಲ್ಲಿ ನಿಂತು ಎರಡು ತಾಸು ಎಳೆದ. ಅಂಗೈ ಸುಲಿಯಿತು. ಎಷ್ಟು ಖುಷಿಯಾಗಿತ್ತೆಂದರೆ, ಮೂರು ನೇಮ ಒಟ್ಟಿಗೇ ಮುರಿದದ್ದು ನೆನಪಾದದ್ದು ಬಾಗಿಲಿಗೆ ಬಂದ ಮೇಲೆ. ಹ್ಯಾಚ್ ಇನ್ನೂ ನಿದ್ದೆಯಲ್ಲಿದ್ದ. ಸದ್ಯ, ಪಾರಾದೆ ಅಂದುಕೊಂಡ.

ಪಾರಾಗಲು ಕಾಸರಕೋಡು ಬಿಡಬೇಕಲ್ಲ. ಹಗ್ಗಕ್ಕೆ ಕೈ ಹಚ್ಚಿದವ ಯಾರೇ ಆಗಿರಲಿ, ಹೊತ್ತು ಮುಳುಗುವುದರೊಳಗೆ ಅವನ ಪಾಲು ಅವನ ಬಾಗಿಲಿಗೆ ಮುಟ್ಟಬೇಕು. ಉಳಿಸಿಕೊಂಡರೆ ಕಡಲು ಮುನಿಯುತ್ತದೆ ಎಂದು ಆ ದಂಡೆಯವರ ನಂಬಿಕೆ. ಸಂಜೆ ಮಾಸ್ತಮ್ಮ ಬುಟ್ಟಿ ಹೊತ್ತು ಬಂದಳು.

“ತಕಾ ತಮ್ಮಾ, ನಿನ್ನ ಪಾಲು. ಚಲೋ ಎಳ್ದೆ.”

ಬೆಳಿಗ್ಗೆ ದೊರೆಯಾಗಿದ್ದವನು ಸಂಜೆಗೆ ತಮ್ಮನಾಗಿದ್ದ. ಹ್ಯಾಚ್ ಎದ್ದು ಕೂತು ಬುಟ್ಟಿ ನೋಡಿದ, ಓರಿನ್ನನ ಅಂಗೈ ನೋಡಿದ. ಇಬ್ಬರೂ ವಾರಕ್ಕೊಂದು ಕಾಗದವನ್ನು ದೂರದ ಮಿಷನ್ ಕಚೇರಿಗೆ ಬರೆಯಬೇಕಿತ್ತು. ಓರಿನ್ ಎಲ್ಲವನ್ನೂ ಹೇಳಿ, ಇದನ್ನು ಬರೆಯಬೇಡ ಎಂದು ಬೇಡಿಕೊಂಡ.

“ಹುಚ್ಚಾ, ನಾನು ನಿನಗೆ ಅಣ್ಣನಿದ್ದ ಹಾಗೆ. ಬರೆಯುತ್ತೇನೆಯೇ?” ಎಂದ ಹ್ಯಾಚ್.

ಮಾಸ್ತಮ್ಮ ಮುರುಗಲ ಹುಳಿ ಹಾಕಿ ಸಾರು ಮಾಡಿಕೊಟ್ಟಳು. ಜ್ವರದ ಬಾಯಿಗೆ ರುಚಿಯಾಯಿತೆಂದು ಹ್ಯಾಚ್ ಆರು ಬಂಗಡೆ ತಿಂದ.

ಮರುದಿನ, ಪ್ರತಿ ಸೋಮವಾರದ ಹಾಗೆ, ಹೊನ್ನಾವರಕ್ಕೆ ದೋಣಿ ಹೊರಡುವಲ್ಲಿದ್ದ ಅಂಚೆ ಡಬ್ಬಿಗೆ ಹೋದರು. ಹ್ಯಾಚ್ ಎರಡೂ ಸೈಕಲ್ ಹಿಡಿದು ನಿಂತ. ಇಬ್ಬರ ಕಾಗದವನ್ನೂ ಡಬ್ಬಿಗೆ ಹಾಕಿದವನು ಓರಿನ್.

ಮೂರು ವಾರಕ್ಕೆ ಕಚೇರಿಯಿಂದ ಉತ್ತರ ಬಂತು. ‘ನಿನ್ನ ಜೊತೆಗಾರ ಭಾನುವಾರವೇ ನೊಂದು ಎಲ್ಲವನ್ನೂ ಬರೆದಿದ್ದಾನೆ. ಹಿಂದಿನ ಆರು ಕಾಗದಗಳಲ್ಲಿ ನಿನ್ನ ಬಗ್ಗೆ ತಿಳಿಸಿದ್ದನ್ನೂ ಸೇರಿಸಿ ನೋಡಿದೆವು. ಮನೆಗೆ ಹೊರಡು.’

ಓರಿನ್ ಮಂಚದ ಅಂಚಿಗೆ ಕೂತ. ಭಾನುವಾರವೇ. ಮೀನು ತಿಂದ ಕೈ ತೊಳೆದು ಬರೆದಿದ್ದಾನೆ. ಅದೊಂದೇ ಅಲ್ಲ, ಏಳು ಕಾಗದ. ಏಳನ್ನೂ ತಾನೇ ಕೈಯಾರೆ ಡಬ್ಬಿಗೆ ಹಾಕಿದ್ದೇನೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇನ್ನೇನು?

“ನಿನ್ನ ಆತ್ಮದ ಒಳ್ಳೆಯದಕ್ಕೇ ಬರೆದೆ,” ಎಂದ ಹ್ಯಾಚ್.

“ಬರೆಯುವುದಿಲ್ಲ ಅಂದಿದ್ದೆ.”

“ಬರೆಯುತ್ತೇನೆ ಅಂದಿದ್ದರೆ ನೀನು ಅವತ್ತು ಊಟ ಮಾಡುತ್ತಿರಲಿಲ್ಲ.”

ಓರಿನ್ನನಿಗೆ ಅವನ ಮುಖಕ್ಕೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಅಪ್ಪ ನಿಲ್ದಾಣಕ್ಕೆ ಬರುತ್ತಾನೋ ಇಲ್ಲವೋ ಎಂಬುದು ನೆನಪಾಗಿ, ಗೋಡೆಗೆ ಮುಖ ಮಾಡಿ ಅತ್ತ. ಹ್ಯಾಚ್ ಸಮಾಧಾನ ಮಾಡಲು ಬೆನ್ನು ಸವರಿದ. ಅದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

ಹೊರಡುವ ದಿನ ರಸ್ತೆಗೆ ಬಂದು ಭಟ್ಕಳದ ಬಸ್ಸಿಗೆ ಕಾದರು. ನೇಮ ನೇಮವೇ, ಹ್ಯಾಚ್ ಪಕ್ಕದಲ್ಲೇ ಇದ್ದ. ಓರಿನ್ ತನ್ನ ಹರಕು ಕನ್ನಡದಲ್ಲಿ ಹಿಂದಿನ ದಿನವೇ ಮಾಸ್ತಮ್ಮನಿಗೆ ಎಲ್ಲವನ್ನೂ ಹೇಳಿದ್ದ, ಡಬ್ಬಿ ಸೈಕಲ್ ಸಮೇತ. ಬುಟ್ಟಿ ಹೊತ್ತು ಬಂದವಳು ತಾನೇ ಅಲ್ಲವೇ ಎಂದು ಅವಳಿಗೆ ಅನ್ನ ಸೇರಿರಲಿಲ್ಲ. ಬಸ್ಸು ಬರುವಷ್ಟರಲ್ಲಿ ಒಣಮೀನಿನ ಗಂಟು ಹಿಡಿದು ಓಡಿ ಬಂದಳು.

ತಾನು ಎತ್ತಿಡುತ್ತೇನೆಂದು ಹ್ಯಾಚ್ ಗಂಟಿಗೆ ಕೈ ಚಾಚಿದ. ಅವಳು ಹಿಂದಕ್ಕೆಳೆದುಕೊಂಡಳು.

“ನಮ್ಮಲ್ಲಿ ಹಗ್ಗ ಹಿಡ್ದವಂಗೆ ಪಾಲು. ನೀವು ಎಂತ ಹಿಡ್ದಿದ್ರಿ, ದೊರೆ?”

ಓರಿನ್ ಗಂಟು ಇಸಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತಿದ.

“ಅವನು ಸೈಕಲ್ ಹಿಡಿದಿದ್ದ, ಅಕ್ಕಾ,” ಎಂದ.