ಹನ್ನೆರಡು ಗಂಟಲು

"ಶಭಾಷ್ ಕಣ್ರೀ! ಒಂದಲ್ಲ, ಎರಡಲ್ಲ, ಹನ್ನೆರಡು! ಹನ್ನೆರಡರಲ್ಲೂ ಒಂದೇ ಹೊಸ ತಳಿ. ದೇಶದಲ್ಲಿ ಇನ್ನೆಲ್ಲೂ ಸಿಕ್ಕಿಲ್ಲ, ನೀವು ಹೋದ ಬೀದೀಲಿ ಸಿಕ್ಕಿದೆ."

ಫೋನಿನ ಆ ಕಡೆ ರಾಷ್ಟ್ರೀಯ ಪ್ರಯೋಗಾಲಯದ ಮೇಡಂ. ಈ ಕಡೆ, ಆರೋಗ್ಯ ಕೇಂದ್ರದ ಮೆಟ್ಟಿಲ ಮೇಲೆ, ಕಡ್ಡಿಯಕ್ಕ. ಮನೆಮನೆಗೆ ಹೋಗಿ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ಮಾದರಿ ತೆಗೆಯುತ್ತಾಳೆಂದು ಜನ ಇಟ್ಟ ಹೆಸರು ಅದು. ಹೊಗಳಿಕೆ ಕೇಳಿದರೆ ಮುಖ ಅರಳಬೇಕು ತಾನೇ? ಅವಳು ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದಳು.

"ವೈರಸ್‌ನ ವಂಶವಾಹಿ ಅಕ್ಷರ ಅಕ್ಷರ ಓದಿದ್ವಿ ಕಣ್ರೀ. ಹನ್ನೆರಡು ಜನರದ್ದೂ ಅಚ್ಚು ಹಾಕಿದ ಹಾಗಿದೆ. ಅಂದ್ರೆ ಎಷ್ಟು ಬೇಗ ಹರಡ್ತಿದೆ ನೋಡಿ! ಬೀದಿ ಬಂದ್ ಮಾಡ್ಸಿದೀವಿ. ನೀವು ಇವತ್ತೇ ಹೋಗಿ ಎಲ್ಲರದೂ ಇನ್ನೊಂದ್ಸಲ ತೆಗೀರಿ."

ಅಚ್ಚು ಹಾಕಿದ ಹಾಗಿರದೆ ಇನ್ನೇನು! ಹನ್ನೆರಡೂ ಒಂದೇ ಗಂಟಲಿನವು. ಅವಳ ಮಾವನವರದು.

ಎರಡು ವಾರದ ಹಿಂದಿನ ಮಾತು. ಕೊಳವೆಯ ಮೇಲೆ ಹೆಸರಿಲ್ಲ; ಬೀದಿ, ಕ್ರಮಸಂಖ್ಯೆ, ಅಷ್ಟೇ. ಹನ್ನೆರಡು ಕೊಳವೆ ತುಂಬಬೇಕಿತ್ತು. ಒಂದು ಮನೆಯವರು ನಾಯಿ ಬಿಟ್ಟರು. ಇನ್ನೊಂದು ಮನೆಯವನು "ನಮ್ಮನೇಲಿ ಯಾರೂ ಕೆಮ್ಮಲ್ಲ" ಎಂದು ಕೆಮ್ಮುತ್ತಲೇ ಹೇಳಿದ. ಬೀದಿಯ ಕೊನೆಯ ಮನೆಯ ಅಜ್ಜಿಯಂತೂ "ನಿನ್ನ ಕಡ್ಡಿಯಿಂದಾನೇ ರೋಗ ಬರೋದು, ನಡಿ ನಡಿ" ಎಂದು ಓಡಿಸಿದಳು. ಹೊಟ್ಟೆ ಹಸಿದು, ತಲೆ ಸಿಡಿಯುತ್ತ ಮಧ್ಯಾಹ್ನ ಮನೆಗೆ ಬಂದರೆ, ಹಿಂದಿನ ದಿನವಷ್ಟೇ ಮಗಳ ಊರಿನಿಂದ ಮರಳಿದ್ದ ಮಾವ ಖೊಕ್ ಖೊಕ್ ಎನ್ನುತ್ತ ಕೂತಿದ್ದರು.

"ಮಾವ, ಸ್ವಲ್ಪ ಬಾಯಿ ತೆಗೀರಿ."

ಐದನೆಯ ಕಡ್ಡಿಗೆ ಅವರಿಗೆ ನಗು ಬಂತು. "ನನ್ನ ಗಂಟಲೇನು ಬಾವೀನೇನಮ್ಮಾ, ಸೇದ್ತಾನೇ ಇದೀಯಲ್ಲ!"

ಪಾಪ, ತಮ್ಮ ಒಳ್ಳೆಯದಕ್ಕೇ ಅಂದುಕೊಂಡಿದ್ದರು. ಮೂರು ದಿನದಲ್ಲಿ ಹುಷಾರೂ ಆದರು. ಅವಳು ಮರೆತೇಬಿಟ್ಟಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇವಳದು ಹತ್ತಿಯ ಕಡ್ಡಿಗೆ ಹೋಗಿತ್ತು. ಫೋನಿನಲ್ಲೇ ಹೇಳಿಬಿಡಬಹುದಿತ್ತು, ಹೇಳಿದರೆ ಕೆಲಸ ಹೋಗುತ್ತದೆ. "ಆಯ್ತು ಮೇಡಂ" ಎಂದುಬಿಟ್ಟಳು. ಹಾಗೆಂದ ತನ್ನ ದನಿಗೆ ತನಗೇ ಹೇಸಿಗೆಯಾಯಿತು.

ಬೀದಿಯ ಬಾಯಿಗೆ ತಗಡು ಹೊಡೆದಿದ್ದರು. ಹೊಲಿಗೆಯವನ ಅಂಗಡಿ ಮುಚ್ಚಿತ್ತು. ಅವಳನ್ನು ಕಂಡವರು ಈ ಸಲ ತಾವಾಗಿಯೇ ಹೊರಗೆ ಬಂದರು, ತಾವಾಗಿಯೇ ಬಾಯಿ ತೆರೆದರು. ನಾಯಿಯನ್ನು ಕಟ್ಟಿಹಾಕಿದ್ದರು. ಕೊನೆಯ ಮನೆಯ ಅಜ್ಜಿ ಜಗಲಿಯಲ್ಲೇ ಕಾದಿದ್ದಳು. ಎದ್ದು ಬಂದವಳೇ ಕಡ್ಡಿಯಕ್ಕನ ಎಡಗೈ ಹಿಡಿದುಕೊಂಡಳು.

"ಅವತ್ತು ಬಾಯಿಗೆ ಬಂದ ಹಾಗೆ ಬೈದ್ಬಿಟ್ಟೆ ತಾಯಿ. ತಪ್ಪಾಯ್ತು, ಮನಸ್ಸಲ್ಲಿ ಇಟ್ಕೋಬೇಡ."

"ಇರ್ಲಿ ಬಿಡಿ ಅಜ್ಜಿ."

"ನಿನ್ನೆ ಸೊಸೆಗೆ ಹೆರಿಗೆಯಾಯ್ತು, ಹೆಣ್ಣು ಕೂಸು. ಆಸ್ಪತ್ರೆಗೆ ಹೊರಟಿದ್ದೆ, ತಗಡಿನ ಹತ್ರ ತಡೆದ್ರು. ಅತ್ತುಬಿಟ್ಟೆ. ಆಮೇಲೆ ಅನ್ಕೊಂಡೆ, ಆ ಹುಡುಗಿ ಪತ್ತೆ ಮಾಡದೇ ಹೋಗಿದ್ರೆ ನಾನೇ ಹೋಗಿ ಕೂಸಿಗೆ ಮುತ್ತು ಕೊಟ್ಟು ರೋಗ ಅಂಟಿಸ್ತಿದ್ದೆ. ನೀನು ಕಾಪಾಡ್ದೆ ಕಣೇ."

ಕಡ್ಡಿಯಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಲಗೈಯಿಂದ ಫೋನು ತೆಗೆದಳು. ಮೇಡಂ ಎತ್ತಿದರು.

"ಮೇಡಂ, ಆ ಹನ್ನೆರಡೂ ಒಬ್ಬರದೇ. ನಮ್ಮ ಮಾವಂದು. ಈ ಬೀದೀಲಿ ಯಾರ ಗಂಟಲಿಗೂ ನಾನು ಅವತ್ತು ಕಡ್ಡಿ ಹಾಕಿಲ್ಲ. ಅವರು ಮಗಳ ಊರಿಂದ ಬಂದಿದ್ರು. ನೀವು ಹುಡುಕಬೇಕಾದ್ದು ಅಲ್ಲಿ, ನಮ್ಮನೇಲಿ. ಇಲ್ಲಲ್ಲ."

 

ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು. ಎಡಗೈಯನ್ನು ಬಿಗಿಯಾಗಿ ಹಿಡಿದಿದ್ದ ಆ ಮುದಿ ಬೆರಳುಗಳು ಒಂದೊಂದಾಗಿ ಸಡಿಲವಾದವು.