ಹೊಸ ಕಾರ್ಟ್ರಿಜ್, ಮಾಸಿದ ಅಕ್ಷರ

ಬ್ಯಾಡಗಿಯ ತನ್ನ ಝೆರಾಕ್ಸ್ ಅಂಗಡಿಯಲ್ಲಿ ನೀಲಾ ತರಿಸಿದ್ದ ಎರಡು ಹೊಸ ಟೋನರ್ ಕಾರ್ಟ್ರಿಜ್‌ಗಳಲ್ಲಿ ಒಂದನ್ನು ಹಾಕಿದಾಗಿನಿಂದ ಅಕ್ಷರಗಳು ಮಾಸಿಕೊಂಡೇ ಬರುತ್ತಿದ್ದವು. ಕಾರ್ಟ್ರಿಜ್ ತೆಗೆದು ಅಲುಗಾಡಿಸಿದಳು, ಸೀಲ್ ಪಟ್ಟಿ ಎಳೆದದ್ದನ್ನು ಖಾತ್ರಿ ಮಾಡಿಕೊಂಡಳು. ಊಹೂಂ. ಸಿಟ್ಟು ನೆತ್ತಿಗೇರಿ, ಅದನ್ನು ಮಾರಿದ ರಾಣೆಬೆನ್ನೂರಿನ ಅಂಗಡಿಯವನಿಗೆ ಫೋನ್ ಹಚ್ಚಿದಳು.

"ಬಿಸಿಲಿಗೆ ಇಟ್ಟಿದ್ರೇನ್ರಿ? ಒಳಗಿನ ಡ್ರಮ್ ಬೆಳಕಿಗೆ ಕೆಡತೈತಿ," ಎಂದ ಅವನು.

"ಕರಿ ಚೀಲದಾಗ ಇತ್ರಿ. ನಮಗ ಅಷ್ಟೂ ತಿಳಿಯೂದಿಲ್ಲೇನು?"

ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅತ್ತೆ ಮಂಗಳವ್ವ ತಲೆ ಎತ್ತದೆಯೇ ಹೇಳಿದಳು: "ಅದರಾಗ ಪುಡಿ ಐತಿ ಅಂತ ನೀನ ಹೇಳಿದ್ದಿ. ಥಂಡಿ ಹಿಡದು ಗಂಟಾದೀತಂತ ಚೀಲ ಬಿಚ್ಚಿ, ಮೆಣಸಿನಕಾಯಿ ಜೋಡಿ ಒಣಗಿಸಿ, ಮತ್ತ ಕಟ್ಟಿಟ್ಟೇನಿ."

ನೀಲಾ ಫೋನ್ ಇಟ್ಟಳು.

"ಇನ್ನೊಂದು ಮಾಳಿಗಿ ಮ್ಯಾಲ ಐತಿ," ಎಂದಳು ಮಂಗಳವ್ವ. "ಈಗಷ್ಟ ಮಗ್ಗಲಾ ಹೊಳ್ಳಿಸಿ ಬಂದೇನಿ."